ಕೊಳೆ ಔಷಧಿಯ ಎಂಜಿನ್ನಿನಿಂದಲೇ ಬೆಂಕಿ ನಂದಿಸಿದೆವು: ನನ್ನ ಅನುಭವ

ಕಳೆದ ಮಾರ್ಚ್ ತಿಂಗಳಿನಲ್ಲಿ ನಮ್ಮ ಸೊಪ್ಪಿನ ಬೆಟ್ಟಕ್ಕೆ (ತೋಟಕ್ಕೆ ಸೊಪ್ಪು ತರುವ ಕಾಡಿಗೆ) ಬಿದ್ದ ಬೆಂಕಿಯನ್ನು ಮೂರೇ ಜನ ಸೇರಿ ಸುಮಾರು ಮುಕ್ಕಾಲು ಗಂಟೆಯಲ್ಲಿ ತಡೆದು ನಿಲ್ಲಿಸಿದೆವು. ಅಡಿಕೆ ತೋಟಕ್ಕೆ ಕೊಳೆ ರೋಗದ ಔಷಧಿ ಹೊಡೆಯುವ ಎಂಜಿನ್ನಿನಿಂದ ಬೆಂಕಿ ಆರುವುದಿಲ್ಲವೆಂದು ನಾಲ್ಕು ವರ್ಷ ವಾದಿಸಿದವರೇ ಈಗ ವಿಧಾನವನ್ನು ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಶಿರಸಿ ತಾಲ್ಲೂಕಿನ 22 ಮನೆಗಳ ಊರು. ಐದು ವರ್ಷಗಳ ಹಿಂದೆ ಪಕ್ಕದ ಮನೆಯವರ ಹುಲ್ಲಿನ ಕುತ್ರಿಗೆ (ಬಣವೆಗೆ) ಹತ್ತಿದ ಬೆಂಕಿ ಕೊಟ್ಟಿಗೆಯ ಮಾಡಿಗೆ ದಾಟಿದಾಗ, ಕರೆ ಮಾಡಿದ ಹತ್ತು ನಿಮಿಷಕ್ಕೇ ಹೊರಟ ಅಗ್ನಿಶಾಮಕ ವಾಹನ ಘಾಟಿನ ದಾರಿಯಲ್ಲಿ ಮೂವತ್ತು ಕಿಲೋಮೀಟರ್ ಬರುವಷ್ಟರಲ್ಲಿ ಒಂದು ಗಂಟೆ ಕಳೆದಿತ್ತು. ಬಂದದ್ದೂ ಹಳ್ಳದ ಆಚೆಗೇ ನಿಂತಿತು, ಏಕೆಂದರೆ ನಾಲ್ಕೂವರೆ ಸಾವಿರ ಲೀಟರ್ ನೀರು ಹೊತ್ತ ಗಾಡಿಯ ಭಾರವನ್ನು ನಮ್ಮ ಮೋರಿ ತಡೆಯುವಂತಿರಲಿಲ್ಲ. ಜಾನುವಾರುಗಳ ಹಗ್ಗ ಕಡಿದು ಬಿಟ್ಟಿದ್ದರಿಂದ ಅವು ಉಳಿದವು. ಕೊಟ್ಟಿಗೆ ಉಳಿಯಲಿಲ್ಲ.

ಮೊದಲು ನಾವು ಮಾಡಿದ್ದು ಎಲ್ಲರೂ ಮಾಡುವ ಕೆಲಸವನ್ನೇ. ವಂತಿಗೆ ಎತ್ತಿ, ಸುಮಾರು ಹತ್ತು ಸಾವಿರ ರೂಪಾಯಿ ಕೊಟ್ಟು, ಬೆಂಕಿ ಆರಿಸುವ ಐದು ಪುಡಿ ಸಿಲಿಂಡರ್‌ಗಳನ್ನು ತಂದು ಐದು ಮನೆಗಳಲ್ಲಿ ತೂಗುಹಾಕಿದೆವು. ಎರಡು ವರ್ಷಗಳ ಬಳಿಕ ನೋಡಿದಾಗ ಮೂರರ ಒತ್ತಡ ತೋರಿಸುವ ಮುಳ್ಳು ಕೆಂಪಿಗೆ ಇಳಿದಿತ್ತು. ಅಡುಗೆಮನೆಯ ಬೆಂಕಿಗೆ ಅವು ಬೇಕೇ ಬೇಕು, ನಮ್ಮಲ್ಲಿ ಈಗಲೂ ಇವೆ. ಆದರೆ ಕರಡಕ್ಕೆ (ಬೆಟ್ಟದ ಒಣಹುಲ್ಲಿಗೆ) ಹಿಡಿದ ಬೆಂಕಿಯ ಮುಂದೆ ಅವುಗಳಿಂದ ಏನೂ ಆಗುವುದಿಲ್ಲ.

ಮಳೆಗಾಲ ಕಳೆದ ಮೇಲೆ ಕೊಳೆ ಔಷಧಿ ಹೊಡೆಯುವ ಎಚ್‌ಟಿಪಿ ಎಂಜಿನ್ ಮುಂದಿನ ಜೂನ್‌ವರೆಗೆ ಪ್ರತಿ ಮನೆಯ ಕಟ್ಟಿಗೆ ಮನೆಯಲ್ಲಿ ಸುಮ್ಮನೆ ಕುಳಿತಿರುತ್ತದೆ. ಬೆಂಕಿ ಬೀಳುವುದೂ ಅದೇ ತಿಂಗಳುಗಳಲ್ಲಿ. ಅದನ್ನು ಸಾವಿರ ಲೀಟರಿನ ಟ್ಯಾಂಕಿನೊಂದಿಗೆ ಒಂದು ಕಬ್ಬಿಣದ ಚೌಕಟ್ಟಿಗೆ ಕೂರಿಸಿ, ಪಿಕಪ್ ವಾಹನಕ್ಕೆ ಏರಿಸಿದರೆ ಆಯಿತು ಎಂಬುದು ನನ್ನ ಲೆಕ್ಕವಾಗಿತ್ತು. ಹಳೆಯ ಟ್ಯಾಂಕಿಗೆ ನಾಲ್ಕೂವರೆ ಸಾವಿರ, ಚೌಕಟ್ಟಿಗೆ ಏಳು ಸಾವಿರ, ಇನ್ನೂರು ಮೀಟರ್ ಪೈಪಿಗೆ ಒಂಬತ್ತು ಸಾವಿರದ ಹತ್ತಿರ, ಬಿಡಿಭಾಗಗಳಿಗೆ ಎರಡು ಸಾವಿರ ಖರ್ಚಾಯಿತು. ಮನೆಗೆ ಸಾವಿರದಂತೆ ಹಂಚಿದಾಗ ಆರು ಮನೆಯವರು ಕೊಡಲಿಲ್ಲ, ಆ ಹಣವನ್ನು ನಾನೇ ತುಂಬಿದೆ.

ಮೊದಲ ಪರೀಕ್ಷೆಯಲ್ಲಿ ಪೈಪಿನ ತುದಿಯ ಸಿಂಪಡಿಸುವ ಗನ್ನಿನಿಂದ ಒಂದು ಹನಿ ನೀರೂ ಬರಲಿಲ್ಲ. ಬಿಚ್ಚಿ ನೋಡಿದರೆ ಕೊಳೆ ಔಷಧಿಯಾದ ಬೋರ್ಡೋ ದ್ರಾವಣದ (ಮೈಲುತುತ್ತ, ಸುಣ್ಣದ ಮಿಶ್ರಣದ) ಸುಣ್ಣ ಜಾಲರಿಯಲ್ಲಿ ನೀಲಿ ಸಿಮೆಂಟಿನಂತೆ ಕಟ್ಟಿತ್ತು, ವಾಲ್ವಿನ ರಬ್ಬರ್ ಒಣಗಿ ಬಿರಿದಿತ್ತು, ಕಾರ್ಬುರೇಟರಿನಲ್ಲಿ ಹಳೆಯ ಪೆಟ್ರೋಲ್ ಅಂಟಾಗಿ ಕುಳಿತಿತ್ತು. ಅಂದಿನಿಂದ ಕೊನೆಯ ಔಷಧಿ ಹೊಡೆದ ದಿನವೇ ಎಂಜಿನ್ ತೊಳೆಯುತ್ತೇನೆ, ಡಿಸೆಂಬರ್‌ನಿಂದ ಮಳೆ ಹಿಡಿಯುವವರೆಗೆ ಪ್ರತಿ ಭಾನುವಾರ ಹತ್ತು ನಿಮಿಷ ನೀರು ಹಾಯಿಸಿ ಓಡಿಸುತ್ತೇನೆ. ನಮ್ಮ ಯಶಸ್ಸಿನ ಮುಕ್ಕಾಲು ಪಾಲು ಈ ಹತ್ತು ನಿಮಿಷದಲ್ಲಿದೆ ಎಂದು ಖಚಿತವಾಗಿ ಹೇಳಬಲ್ಲೆ.

ಎರಡನೆಯ ತೊಡಕು ಅಕೇಶಿಯಾ ಮರದ ದರಕಿನದು (ಉದುರಿದ ಒಣ ಎಲೆಯದು). ಅಂಗಳದ ಮೂಲೆಯಲ್ಲಿ ಎರಡು ಸಮನಾದ ರಾಶಿಗಳಿಗೆ ಬೆಂಕಿ ಕೊಟ್ಟು ಪರೀಕ್ಷಿಸಿದಾಗ, ಬರೀ ನೀರು ಎಲೆಯ ಮೇಲಿಂದ ಜಾರಿ ಹೋಗಿ, ಆರಿದಂತೆ ಕಂಡ ರಾಶಿ ಹತ್ತು ನಿಮಿಷಕ್ಕೆ ಒಳಗಿನಿಂದ ಮತ್ತೆ ಹೊಗೆಯಾಡಿತು. ಬಟ್ಟೆ ಸೋಪಿನ ಪುಡಿ ಕದಡಿದ ನೀರು ಮಾತ್ರ ತಳದವರೆಗೆ ಇಳಿಯಿತು. ಔಷಧಿಗೆ ಬಳಸುವ ರಾಳದ ಅಂಟನ್ನೂ ಬೆರೆಸಿ ನೋಡಿದ್ದೆ, ಅದು ಜಾಲರಿ ಕಟ್ಟಿಸಿತು. ತೋಟಕ್ಕೆಂದು ಕೊಂಡ ಎಲೆ ಊದುವ ಯಂತ್ರದಿಂದ ಬೆಟ್ಟದ ಅಂಚಿನಲ್ಲಿ ಆರಡಿ ಅಗಲಕ್ಕೆ ದರಕು ಸರಿಸಿ, ಬೆಂಕಿ ದಾಟದಂತೆ ತಡೆಯುವ ಬೆಂಕಿ ರೇಖೆಯನ್ನು ಬಿಡಿಸಿದ್ದು ಇನ್ನೊಂದು ಪ್ರಯೋಗ. ನಾಲ್ಕು ಆಳಿನ ಕೆಲಸ ಅರ್ಧ ದಿನಕ್ಕೆ ಮುಗಿಯಿತು. ಗನ್ನಿನ ತುದಿಗೆ ನಾನು ಮಾಡಿಕೊಂಡ ಬದಲಾವಣೆಯನ್ನು ಇಲ್ಲಿ ಬರೆಯುವುದಿಲ್ಲ, ಊರಿಗೆ ಬಂದವರಿಗೆ ತೋರಿಸುತ್ತೇನೆ.

ಎಚ್ಚರಿಕೆ ಕೊಡಲು ವಾಟ್ಸ್‌ಆ್ಯಪ್ ಗುಂಪನ್ನು ನಂಬಿ ಕೆಟ್ಟೆವು. ಕರೆಂಟ್ ಹೋದರೆ ನಮ್ಮಲ್ಲಿ ನೆಟ್‌ವರ್ಕೂ ಹೋಗುತ್ತದೆ. ಈಗ ದೇವಸ್ಥಾನದ ಜಾಗಟೆಯನ್ನು ಬಿಡದೆ ಬಾರಿಸುವುದೇ ಸಂಕೇತ.

ಮಾರ್ಚ್‌ನ ಆ ಮಧ್ಯಾಹ್ನ ಜಾಗಟೆ ಕೇಳಿದ ಎಂಟನೆಯ ನಿಮಿಷಕ್ಕೆ ನಾವು ಬೆಟ್ಟದ ಬುಡದಲ್ಲಿದ್ದೆವು. ಗಾಳಿ ಮೇಲ್ಮುಖವಾಗಿತ್ತು. ಉರಿಯ ಎದುರು ನಿಲ್ಲದೆ, ಸುಟ್ಟ ನೆಲದ ಕಡೆಯಿಂದ ಎರಡೂ ಪಕ್ಕಗಳನ್ನು ಹಿಡಿದು ನೀರು ಹೊಡೆಯುತ್ತಾ ಹೋದೆವು, ಬೆಂಕಿಯ ಮುಂದಿನ ಭಾಗ ನಮ್ಮ ಬೆಂಕಿ ರೇಖೆಗೆ ಬಂದು ಸೊರಗಿತು. ನಿಮಿಷಕ್ಕೆ ಇಪ್ಪತ್ತೈದು ಲೀಟರಿನಷ್ಟು ಮಾತ್ರ ಎಸೆಯುವ ಎಂಜಿನ್ ಆದ್ದರಿಂದ ಸಾವಿರ ಲೀಟರ್ ಕೊನೆಯವರೆಗೆ ಬಂತು. ಸುಟ್ಟದ್ದು ಹೆಚ್ಚೆಂದರೆ ಒಂದು ಎಕರೆ. ಬುಡದಲ್ಲಿ ಉರಿಯುತ್ತಿದ್ದ ಕುಂಟೆಗಳನ್ನು (ಮರದ ಮೋಟುಗಳನ್ನು) ಹಸಿ ಸೊಪ್ಪು ಮತ್ತು ಕೊಡಪಾನದ ನೀರಿನಿಂದ ಆರಿಸಲು ಮತ್ತೆ ಎರಡು ಗಂಟೆ ಹಿಡಿಯಿತು, ಆ ಹೊತ್ತಿಗೆ ಊರಿಗೆ ಊರೇ ಅಲ್ಲಿತ್ತು.

ಆ ಆರು ಮನೆಯವರೂ ಏಪ್ರಿಲ್‌ನಲ್ಲಿ ತಮ್ಮ ಪಾಲು ಕೊಟ್ಟರು. ಮೇಲಿನ ಕೇರಿಯವರು ಈಗ ಎರಡನೆಯ ಟ್ಯಾಂಕ್ ತಂದಿದ್ದಾರೆ. ಚೌಕಟ್ಟಿನ ವೆಲ್ಡಿಂಗ್ ಮುಂದಿನ ವಾರ ಮುಗಿಯಲಿದ್ದು, ಪೈಪ್ ಜೋಡಿಸಲು ನಾನೇ ಹೋಗಬೇಕಾಗಿದೆ.