ಕೆಂಪು ಧೂಳು, ಕೆಂಪು ಎಣ್ಣೆ: ಕಾರಿನ ಏರ್ ಫಿಲ್ಟರ್ ತೊಳೆಯುವ ನನ್ನ ಅನುಭವ

ಹೊಸಪೇಟೆ, ಸಂಡೂರು ಕಡೆ ಕಾರು ಓಡಿಸುವವರಿಗೆ ಧೂಳಿನ ಬಗ್ಗೆ ಬಿಡಿಸಿ ಹೇಳಬೇಕಾಗಿಲ್ಲ. ಅದಿರು ಲಾರಿಯ ಹಿಂದೆ ಸ್ವಲ್ಪ ದೂರ ಹೋದರೆ ಸಾಕು, ಬಿಳಿ ಕಾರು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಎಂಜಿನ್ ಉಸಿರಾಡುವುದೂ ಅದೇ ಧೂಳಿನಲ್ಲಿ. ನನ್ನ ಕಾರಿಗೆ ಕಾಗದದ ಏರ್ ಫಿಲ್ಟರ್ ಬದಲಿಗೆ, ತೊಳೆದು ಮತ್ತೆ ಬಳಸುವಂಥ ಹತ್ತಿಯ ಫಿಲ್ಟರ್ ಹಾಕಿ ಕೆಲವು ವರ್ಷಗಳಾದವು. ತೊಳೆಯುವುದು ನಾನೇ. ಗ್ಯಾರೇಜಿನಲ್ಲಿ ಫಿಲ್ಟರ್ ಕಂಡರೆ ಸಾಕು, ಮೆಕ್ಯಾನಿಕ್‌ಗಳ ಕೈ ತಾನಾಗೇ ಏರ್ ಪೈಪಿನ ಕಡೆ ಹೋಗುತ್ತದೆ. ಹತ್ತಿಗೆ ಆ ರಭಸದಲ್ಲಿ ಗಾಳಿ ಹೊಡೆದರೆ ಎಳೆ ಸರಿದು ಸಂದಿ ಬೀಳುತ್ತದೆ.

ಈ ಫಿಲ್ಟರಿನಲ್ಲಿ ಎರಡು ಲೋಹದ ಜಾಲರಿಗಳ ನಡುವೆ ತೆಳು ಹತ್ತಿ ಬಟ್ಟೆಯ ಪದರಗಳನ್ನು ಮಡಿಕೆ ಮಡಿಕೆಯಾಗಿ ಮಡಚಿಟ್ಟಿರುತ್ತಾರೆ. ಬರೀ ಹತ್ತಿ ಸಣ್ಣ ಧೂಳನ್ನು ಸರಿಯಾಗಿ ತಡೆಯುವುದಿಲ್ಲ. ತಡೆಯುವುದು ಅದಕ್ಕೆ ಹಾಕುವ ಅಂಟು ಎಣ್ಣೆ. ಎಣ್ಣೆ ಎಲ್ಲಿ ಬಿದ್ದಿದೆ ಅಂತ ಕಾಣಲಿ ಎಂದು ಅದಕ್ಕೆ ಕೆಂಪು ಬಣ್ಣ ಬೆರೆಸಿರುತ್ತಾರೆ. ನಮ್ಮ ಕಡೆ ಫಜೀತಿ ಇರುವುದೇ ಇಲ್ಲಿ. ಧೂಳೂ ಕೆಂಪು, ಎಣ್ಣೆಯೂ ಕೆಂಪು. ಎಷ್ಟು ತೊಳೆದರೂ ಹತ್ತಿ ಪೂರ್ತಿ ಬಿಳಿಯಾಗುವುದಿಲ್ಲ. ಹಾಗಾಗಿ ನಾನು ಬಿಳಿ ಬನಿಯನ್ ಬಟ್ಟೆಯ ತುಂಡೊಂದನ್ನು ಪಕ್ಕದಲ್ಲಿ ಇಟ್ಟುಕೊಳ್ಳುತ್ತೇನೆ. ಮಡಿಕೆಯ ಮೇಲೆ ಮೆಲ್ಲಗೆ ಒತ್ತಿದಾಗ ಕಂದು ಬಣ್ಣ ಹತ್ತಿದರೆ ಧೂಳು ಇನ್ನೂ ಇದೆ. ತಿಳಿ ಗುಲಾಬಿ ಮಾತ್ರ ಹತ್ತಿದರೆ ಅದು ಹಳೇ ಎಣ್ಣೆಯ ಕಲೆ, ಚಿಂತೆಯಿಲ್ಲ.

ಯಾವಾಗ ತೊಳೆಯಬೇಕು? ಇಂಥ ಫಿಲ್ಟರ್ ಮಾಡುವ ಕೆ ಆ್ಯಂಡ್ ಎನ್ ಕಂಪನಿಯವರು ಸಾಮಾನ್ಯ ಹೆದ್ದಾರಿ ಓಡಾಟಕ್ಕೆ 50,000 ಮೈಲಿ, ಅಂದರೆ ಸುಮಾರು 80,000 ಕಿ.ಮೀ. ಅನ್ನುತ್ತಾರೆ. ಅದಿರಿನ ರಸ್ತೆಗೆ ಆ ಲೆಕ್ಕ ಹಿಡಿಯುವುದಿಲ್ಲ. ಧೂಳಿನ ಅಡಿಯಲ್ಲಿ ಜಾಲರಿಯ ಗೆರೆಗಳು ಕಾಣದಂತಾದಾಗ ನಾನು ತೆಗೆಯುತ್ತೇನೆ. ಸುಮ್ನೆ ತಿಂಗಳಿಗೊಮ್ಮೆ ತೊಳೆಯುವುದರಲ್ಲಿ ಅರ್ಥವಿಲ್ಲ. ಮೇಲೆ ಸ್ವಲ್ಪ ಧೂಳು ಕೂತ ಫಿಲ್ಟರ್ ಹೊಸದಕ್ಕಿಂತ ಚೆನ್ನಾಗಿಯೇ ಧೂಳು ಹಿಡಿಯುತ್ತದೆ. ಮಳೆಗಾಲದಲ್ಲಂತೂ ಮುಟ್ಟುವುದಿಲ್ಲ, ಒಣಗುವುದೇ ಇಲ್ಲ.

ಮೊದಲು ಅಂಗಳದಲ್ಲಿ ಮೆಲ್ಲಗೆ ತಟ್ಟಿ ಸಡಿಲ ಧೂಳು ಉದುರಿಸುತ್ತೇನೆ. ಆಮೇಲೆ ಅದಕ್ಕೆಂದೇ ಸಿಗುವ ಕ್ಲೀನರ್ ಎರಡೂ ಕಡೆ ಹೊಡೆದು, ನೆರಳಲ್ಲಿ ಹತ್ತು ನಿಮಿಷ ನೆನೆಯಲು ಬಿಡುತ್ತೇನೆ. ಅದು ಫಿಲ್ಟರಿನ ಮೇಲೇ ಒಣಗಬಾರದು. ಪೆಟ್ರೋಲ್, ಸೀಮೆಎಣ್ಣೆ ಬೇಡವೇ ಬೇಡ. ತೊಳೆಯಲು ಬಚ್ಚಲ ನಲ್ಲಿಯ ತಣ್ಣೀರು, ಸಣ್ಣ ಧಾರೆ ಸಾಕು. ನೀರು ಬಿಡುವುದು ಎಂಜಿನ್ ಕಡೆಯ ಶುದ್ಧ ಬದಿಯಿಂದ. ಎದುರಿನಿಂದ ಬಿಟ್ಟರೆ ಧೂಳು ಇನ್ನೂ ಒಳಕ್ಕೆ ಇಳಿಯುತ್ತದೆ, ಅಲ್ವಾ? ಮೊದಲು ಗಟ್ಟಿ ಕೆಮ್ಮಣ್ಣಿನ ನೀರು ಇಳಿಯುತ್ತದೆ. ಆಮೇಲೆ ತಿಳಿಯಾಗುತ್ತಾ ಬರುತ್ತದೆ.

ಒಣಗಿಸುವಾಗ ಆತುರ ಕೂಡದು. ಹೇರ್ ಡ್ರೈಯರ್ ಬಿಸಿಗೆ ಹತ್ತಿ ಕುಗ್ಗುತ್ತದೆ. ನಾನು ರಾತ್ರಿಯಿಡೀ ನೆರಳಲ್ಲಿ ನಿಲ್ಲಿಸುತ್ತೇನೆ. ಮೇಲೆ ಒಣಗಿದಂತೆ ಕಂಡರೂ ಮಡಿಕೆಯ ಬುಡದಲ್ಲಿ ತೇವ ಉಳಿದಿರುತ್ತದೆ. ಟಿಶ್ಯೂ ಕಾಗದದ ಮೂಲೆ ತುರುಕಿ ನೋಡಿದರೆ ಗೊತ್ತಾಗುತ್ತದೆ. ಅಷ್ಟರಲ್ಲಿ ಎಲ್ಲಾದರೂ ಹೋಗಬೇಕಾದರೆ ಇರಲಿ ಅಂತ ಕಾಗದದ ಫಿಲ್ಟರ್ ಒಂದನ್ನು ಇಟ್ಟುಕೊಂಡಿದ್ದೇನೆ. ಫಿಲ್ಟರ್ ಇಲ್ಲದೆ ಗೇಟಿನ ತನಕವೂ ಕಾರು ತೆಗೆಯಬೇಡಿ.

ಎಣ್ಣೆ ಹಾಕುವಾಗ ಜಿಪುಣರಾಗಿ. ಪ್ರತಿ ಮಡಿಕೆಯ ಉದ್ದಕ್ಕೂ ಒಂದೇ ಸಲ, ತೆಳ್ಳಗೆ. ಇಪ್ಪತ್ತು ನಿಮಿಷ ಬಿಟ್ಟರೆ ತಾನೇ ಹರಡಿಕೊಳ್ಳುತ್ತದೆ. ಪೇಲವವಾಗಿ ಉಳಿದ ಜಾಗಕ್ಕೆ ಮಾತ್ರ ಇನ್ನೊಂದು ಹನಿ. ಜಾಸ್ತಿಯಾದ ಎಣ್ಣೆ ಗಾಳಿಯ ಜೊತೆ ಹೋಗಿ, ಎಂಜಿನ್‌ಗೆ ಹೋಗುವ ಗಾಳಿಯನ್ನು ಅಳೆಯುವ ಏರ್ ಫ್ಲೋ ಸೆನ್ಸರಿನ ಸಣ್ಣ ಬಿಸಿ ತಂತಿಗೆ ಅಂಟುತ್ತದೆ. ಗೆಳೆಯರೊಬ್ಬರ ಕಾರಿಗೆ ಯಾರೋ ತೊಟ್ಟಿಕ್ಕುವಷ್ಟು ಎಣ್ಣೆ ಹಾಕಿಕೊಟ್ಟಿದ್ದರು. ಐಡ್ಲಿಂಗ್‌ನಲ್ಲಿ ಎಂಜಿನ್ ನಡುಗತೊಡಗಿತು, ಚೆಕ್ ಎಂಜಿನ್ ದೀಪವೂ ಹೊತ್ತಿಕೊಂಡಿತು. ಸೆನ್ಸರಿಗೆ ಬೇರೆಯದೇ ಸ್ಪ್ರೇ ಹೊಡೆದ ಮೇಲೆ ಸರಿಹೋಯಿತು.

ಹತ್ತಿಯ ಫಿಲ್ಟರಿನಿಂದ ಮೈಲೇಜ್ ಏರುತ್ತದೆ ಅನ್ನುವವರ ಮಾತು ನನಗೆ ನಂಬಿಕೆಯಿಲ್ಲ. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯ 2009ರಲ್ಲಿ ಪರೀಕ್ಷೆ ಮಾಡಿದಾಗ, ಫ್ಯೂಯಲ್ ಇಂಜೆಕ್ಷನ್ ಇರುವ ಪೆಟ್ರೋಲ್ ಕಾರುಗಳಲ್ಲಿ ಕಟ್ಟಿಕೊಂಡ ಫಿಲ್ಟರ್ ಇದ್ದರೂ ಮೈಲೇಜ್ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಪಿಕಪ್ ಮಾತ್ರ ಕಡಿಮೆಯಾಯಿತು. ಹತ್ತಿಯದರ ಬೆಲೆಯೂ ಕಾಗದದ್ದಕ್ಕಿಂತ ಹಲವು ಪಟ್ಟು. ಕಡಿಮೆ ಓಡಿಸುವವರಿಗೆ ಕಾಗದದ್ದೇ ಸಾಕು.

ವಾಪಸ್ ಹಾಕುವ ಮುಂಚೆ ಎಂಜಿನ್ ಕಡೆಯ ಪೈಪಿನ ಬಾಯಿಗೆ ಬಟ್ಟೆ ತುರುಕಿ, ಫಿಲ್ಟರ್ ಕೂರುವ ಡಬ್ಬಿಯನ್ನು, ಅಂದರೆ ಏರ್ ಬಾಕ್ಸನ್ನು, ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ. ಆ ಬಟ್ಟೆ ತೆಗೆಯಲು ಮರೆಯಬೇಡಿ. ಫಿಲ್ಟರಿನ ರಬ್ಬರ್ ಅಂಚು ಸುತ್ತಲೂ ಸರಿಯಾಗಿ ಕೂತ ಮೇಲೆ ಕ್ಲಿಪ್ ಹಾಕಬೇಕು. ಕೆಲವು ವಾರ ಓಡಿಸಿ, ಫಿಲ್ಟರ್ ದಾಟಿದ ಮೇಲಿನ ಪೈಪಿನೊಳಗೆ ಬೆರಳಾಡಿಸಿ ನೋಡಿ. ಕೆಂಪು ಪುಡಿ ಹತ್ತಿದರೆ ಮೊದಲು ರಬ್ಬರ್ ಅಂಚನ್ನು ಸರಿಮಾಡಿ. ಆಮೇಲೂ ಹತ್ತುತ್ತಿದ್ದರೆ ಆ ಫಿಲ್ಟರನ್ನು ತೊಳೆಯುತ್ತಾ ಕೂರಬೇಡಿ, ಬದಲಾಯಿಸಿ.