ವ್ಯಾನಿನಲ್ಲೇ ಮಲಗಿ ದ್ರಾಕ್ಷಿ ಸೀಮೆ ಸುತ್ತುವುದು ಹೇಗೆ?

ಕ್ಯಾಂಪರ್‌ವ್ಯಾನ್ ಅಂದ ಕೂಡಲೇ ಒಳಗೆ ಸಿಂಕು, ಒಲೆ, ಬಲ್ಬಿನ ಸರ ಎಲ್ಲ ಇರುವ ಲಕ್ಷಗಟ್ಟಲೆ ರೂಪಾಯಿಯ ಗಾಡಿ ನೆನಪಾಗುತ್ತದೆ. ಅದನ್ನು ಮರೆತುಬಿಡಿ. ನಾವಿಬ್ಬರು ಕಲಬುರಗಿಯಿಂದ ಹೊರಟು, ವಿಜಯಪುರದ ದ್ರಾಕ್ಷಿ ತೋಟ ಸುತ್ತಿ, ಶಹಾಪುರ, ಸುರಪುರ, ಯಾದಗಿರಿ ಮೇಲೆ ಐದು ದಿನಕ್ಕೆ ವಾಪಸ್ ಬಂದದ್ದು ದಿನಾ ಅಂಗಡಿ ಸಾಮಾನು ಹೊರುವ ಹಳೇ ವ್ಯಾನಿನಲ್ಲಿ. "ಮಲ್ಕೊಳ್ಳಾಕ ಮನ್ಯಾಗ ಜಾಗ ಇಲ್ಲೇನವಾ?" ಅಂತ ಅತ್ತೆ ಕೇಳಿದ್ರು. ಜಾಗ ಇದೆ. ಆದರೆ ಗಾಡಿಯಲ್ಲೇ ಹಾಸಿಗೆ ಇದ್ದರೆ ಲಾಡ್ಜ್ ಹುಡುಕಿಕೊಂಡು ಕತ್ತಲಲ್ಲಿ ದೊಡ್ಡ ಊರಿಗೆ ಓಡಬೇಕಿಲ್ಲ, ಸಣ್ಣ ಊರಲ್ಲೇ ಸಂಜೆ ಕಳೆಯಬಹುದು.

ಮೊದಲು ತಿಂಗಳು ನೋಡಿ. ಜನವರಿ ಮಧ್ಯದಿಂದ ಮಾರ್ಚ್ ಮೊದಲ ವಾರದವರೆಗೆ ಸರಿ. ಅಕ್ಟೋಬರ್ ಆಸುಪಾಸು ಚಾಟ್ನಿ ಮಾಡಿದ, ಅಂದರೆ ಕಡ್ಡಿ ಸವರಿದ, ಬಳ್ಳಿಯಲ್ಲಿ ಆ ಹೊತ್ತಿಗೆ ಗೊನೆ ಹಣ್ಣಾಗಿರುತ್ತದೆ. ಏಪ್ರಿಲ್‌ಗೆ ಹೋದರೆ ಬಿಸಿಲು 40 ಡಿಗ್ರಿ ದಾಟಿರುತ್ತದೆ, ತಗಡಿನ ಗಾಡಿಯೊಳಗೆ ರಾತ್ರಿಯೂ ಬೆವರು.

ಆಮೇಲೆ ಹಾಸಿಗೆ. ಟೇಪ್ ಹಿಡಿಯುವ ಮೊದಲು ನೀವೇ ಒಳಗೆ ಕಾಲು ಚಾಚಿ ಮಲಗಿ ನೋಡಿ. ನಮ್ಮ ಮನೆಯವರು ಆರಡಿ, ನೆಟ್ಟಗೆ ಹಿಡಿಸಲಿಲ್ಲ, ಮೂಲೆಯಿಂದ ಮೂಲೆಗೆ ಅಡ್ಡ ಮಲಗಿದರು. ಉಳಿದ ತ್ರಿಕೋನ ನನಗೆ! ಕೊನೆಗೆ ಮುಂದಿನ ಸೀಟುಗಳನ್ನು ಪೂರ್ತಿ ಮುಂದಕ್ಕೆ ತಳ್ಳಿ, 12 ಮಿ.ಮೀ. ಪ್ಲೈವುಡ್ಡನ್ನು ಎರಡು ತುಂಡು ಮಾಡಿ, ನಡುವೆ ಬಿಜಾಗರಿ ಹೊಡೆಸಿದೆವು. ಹಗಲು ಮಡಚಿಡುವುದು, ರಾತ್ರಿ ಬಿಚ್ಚಿ ಕೆಳಗೆ ಡಬ್ಬಿಗಳನ್ನು ಆಸರೆ ಕೊಡುವುದು. ಮೇಲೆ ಮನೆಯ ಹತ್ತಿ ಗಾದಿ. ಕಿಟಕಿಗಳಿಗೆ ಹಳೇ ಕೌದಿ, ಬೆಳಕೂ ಬರಲ್ಲ, ಹೊರಗಿನವರಿಗೆ ಕಾಣಿಸುವುದೂ ಇಲ್ಲ.

ಒಂದು ಮಾತು: ಗಾಡಿಗೆ ತೂತು ಕೊರೆಯಬೇಡಿ, ವೆಲ್ಡಿಂಗ್ ಮಾಡಿಸಬೇಡಿ. ಕಂಪನಿ ಕೊಟ್ಟ ರಚನೆಯನ್ನು ಮನಸ್ಸಿಗೆ ಬಂದಂತೆ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆ ಹಾಕುತ್ತದೆ. ಎತ್ತಿ ಹೊರಗಿಡಬಹುದಾದ ಹಲಗೆ ಬರೀ ಸಾಮಾನು.

ಗಾಳಿಗೆ ಎರಡು ಕಿಟಕಿ ನಾಲ್ಕು ಬೆರಳು ತೆಗೆದು, ಒಳಗಿನಿಂದ ಸೊಳ್ಳೆ ಪರದೆ ಅಂಟಿಸಿ. ಎಸಿ ಹಾಕಿ, ಎಂಜಿನ್ ಚಾಲೂ ಇಟ್ಟು ಮಲಗುವುದು ಮಾತ್ರ ಬೇಡವೇ ಬೇಡ. ಹೊಗೆಯ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಎಚ್ಚರವೇ ಆಗುವುದಿಲ್ಲ. ಗ್ಯಾಸ್ ಒಲೆಯೂ ಅಷ್ಟೇ, ಯಾವಾಗಲೂ ಹೊರಗೆ. ಫ್ಯಾನಿಗೆ ಬೇರೆಯೇ ಬ್ಯಾಟರಿ ಒಯ್ಯಿರಿ, ಗಾಡಿಯದಕ್ಕೆ ಕೈ ಹಚ್ಚಿದರೆ ಬೆಳಿಗ್ಗೆ ತಳ್ಳಬೇಕಾಗುತ್ತದೆ. 12 ವೋಲ್ಟಿನ 20 ವಾಟ್ ಫ್ಯಾನು ಎಂಟು ತಾಸಿಗೆ 13 ಆಂಪಿಯರ್-ಅವರ್‌ನಷ್ಟು ಎಳೆಯುತ್ತದೆ. ಲೆಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಬಾರದು, ಹಾಗಾಗಿ 40 ಆಂಪಿಯರ್-ಅವರ್‌ನ ಬ್ಯಾಟರಿ ಒಂದು ರಾತ್ರಿಗೆ ಆರಾಮ. ಮಧ್ಯೆ ಎಲ್ಲಾದರೂ ಚಾರ್ಜ್ ಮಾಡಿಕೊಳ್ಳಿ.

ಊಟಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಒಂದು ಡಬ್ಬಿ ಮೊಸರು. ಚಹಾಕ್ಕಷ್ಟೇ ಒಲೆ ಹಚ್ಚಿದೆವು. 20 ಲೀಟರಿನ ಕ್ಯಾನು ಹಳ್ಳಿಯ ಶುದ್ಧ ನೀರಿನ ಘಟಕದಲ್ಲಿ ತುಂಬುತ್ತದೆ, ಚಿಲ್ಲರೆ ನಾಣ್ಯ ಜೊತೆಗಿರಲಿ.

ಇನ್ನು ದಾರಿ. ಮೊದಲ ದಿನ ದತ್ತಾತ್ರೇಯನ ಕ್ಷೇತ್ರ ಗಾಣಗಾಪುರ, ಸುಮ್ನೆ ನಲವತ್ತು ಚಿಲ್ಲರೆ ಕಿ.ಮೀ. ಹೊಸ ಹಾಸಿಗೆಯಲ್ಲಿ ಏನು ಸರಿಯಿಲ್ಲ ಅಂತ ಮೊದಲ ರಾತ್ರಿಯೇ ಗೊತ್ತಾಗುತ್ತದೆ, ಮನೆ ಹತ್ತಿರ ಇದ್ದರೆ ಒಳ್ಳೆಯದು ಅಲ್ವಾ? ಗುರುವಾರ, ಹುಣ್ಣಿಮೆ ಬಿಟ್ಟು ಹೋಗಿ, ಗಾಡಿ ನಿಲ್ಲಿಸಲು ಜಾಗ ಸಿಗುತ್ತದೆ. ಬೆಳಿಗ್ಗೆ ಭೀಮಾ-ಅಮರಜಾ ಸಂಗಮದಲ್ಲಿ ಸ್ನಾನ ಮುಗಿಸಿ ಅಫಜಲಪುರ, ಆಲಮೇಲ, ಇಂಡಿ ಹಿಡಿದು ವಿಜಯಪುರ. ಗೋಳಗುಮ್ಮಟಕ್ಕೆ ಬಾಗಿಲು ತೆರೆಯುತ್ತಲೇ ಹೋಗಿ, ಶಾಲೆ ಮಕ್ಕಳು ಬಂದರೆ ಪಿಸುಮಾತಿನ ಗ್ಯಾಲರಿಯಲ್ಲಿ ಬರೀ ಕೂಗು. ತಿಕೋಟಾ ಕಡೆ ಹೊರಟರೆ ರಸ್ತೆಯ ಎರಡೂ ಬದಿಗೆ ದ್ರಾಕ್ಷಿ ಚಪ್ಪರ.

ವೈನ್ ಎಲ್ಲಿ ಅಂತ ಕೇಳ್ತೀರಿ. ರಾಜ್ಯ ಸರ್ಕಾರ 2007ರಲ್ಲಿ ವೈನ್ ನೀತಿ ತಂದು, ಕೃಷ್ಣಾ ಕಣಿವೆ, ನಂದಿ ಕಣಿವೆ ಅಂತ ಎರಡು ವಲಯ ಗುರುತಿಸಿತು. ವಿಜಯಪುರ ಕೃಷ್ಣಾ ಕಣಿವೆಗೆ ಸೇರಿದ್ದು. ಹಾಗಂತ ನಾಸಿಕ್ ಥರ ಹೋದಲ್ಲೆಲ್ಲ ಗ್ಲಾಸು ಹಿಡಿದು ಕೂರುವ ವೈನರಿ ಸಿಗುತ್ತವೆ ಅಂದ್ಕೊಂಡು ಬರಬೇಡಿ. ಫೋನ್ ಮಾಡಿ ಒಪ್ಪಿಗೆ ತೆಗೆದುಕೊಂಡೇ ಹೋಗಬೇಕು. ರುಚಿ ನೋಡಿದವರು ಆ ದಿನ ಸ್ಟಿಯರಿಂಗ್ ಮುಟ್ಟುವಂತಿಲ್ಲ. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ದಾಟಿದರೆ ಮೊದಲ ಸಲಕ್ಕೇ ಹತ್ತು ಸಾವಿರ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು.

ನನ್ನನ್ನು ಕೇಳಿದರೆ ಇಲ್ಲಿ ನೋಡಬೇಕಾದದ್ದು ವೈನಿಗಿಂತ ಮಣೂಕದ ಶೆಡ್ಡು. ಒಣದ್ರಾಕ್ಷಿಗೆ ಇಲ್ಲಿ ಮಣೂಕ ಅಂತಾರೆ. ಕೊಯ್ದ ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದುತ್ತಾರೆ, ಸಿಪ್ಪೆಯ ಮೇಲಿನ ಮೇಣದಂಥ ಪದರ ಸಡಿಲಾಗಿ ನೀರು ಬೇಗ ಆರುತ್ತದೆ. ಆಮೇಲೆ ಒಂದರ ಮೇಲೊಂದು ಕಟ್ಟಿದ ಜಾಲರಿಯ ಮೇಲೆ, ನೆರಳಲ್ಲಿ, ಎರಡು ವಾರ. ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಮಣೂಕ. ಕೆಳಗಿನ ಜಾಲರಿಯಲ್ಲಿ ನಿನ್ನೆಯ ಹಸಿರು ಹಣ್ಣು, ಮೇಲಿನದರಲ್ಲಿ ವಾರದ ಹಿಂದಿನದು, ಸುಕ್ಕಾಗಿ ಜೇನಿನ ಬಣ್ಣ. ಕೇಳಿ ಒಳಗೆ ಹೋದರೆ ಯಾರೂ ಬೇಡ ಅನ್ನಲ್ಲ.

ನಾವು ಸಿಕ್ಕಿಬಿದ್ದದ್ದೂ ಅಲ್ಲೇ. ಸಂಜೆ ಮೋಡ ಕಟ್ಟಿತು. ಶೆಡ್ಡಿನವರು ಓಡಾಡಿ ತಾಡಪತ್ರಿ ಇಳಿಸುತ್ತಿದ್ದರೆ ನಾವು ಮಳೆ ನೋಡುತ್ತ ಖುಷಿಯಾಗಿ ಕೂತಿದ್ದೆವು, ಗಾಡಿ ಹೊಲದ ಅಂಚಿನ ಎರೆ ಮಣ್ಣಿನ ಮೇಲೆ ನಿಂತಿದೆ ಅನ್ನುವ ಖಬರೇ ಇಲ್ಲ. ಬೆಳಿಗ್ಗೆ ಚಕ್ರಗಳು ಕಾಣಿಸಲೇ ಇಲ್ಲ, ನಾಲ್ಕು ಕರಿ ಮುದ್ದೆ. ತೋಟದವರ ಟ್ರ್ಯಾಕ್ಟರ್ ಬಂದು ಎಳೆಯಿತು, ದುಡ್ಡು ಕೊಟ್ಟರೆ ಮುಟ್ಟಲಿಲ್ಲ. ಹಾಗಾಗಿ ರಾತ್ರಿ ಗಾಡಿ ನಿಲ್ಲಬೇಕಾದದ್ದು ಮುರುಮು (ಗರಸು) ಹಾಕಿದ ಗಟ್ಟಿ ನೆಲ ಅಥವಾ ಡಾಂಬರಿನ ಮೇಲೆ ಮಾತ್ರ. ಹೊತ್ತು ಮುಳುಗುವ ಮೊದಲೇ ಜಾಗ ನೋಡಿಕೊಳ್ಳಿ. ರಾತ್ರಿಯಿಡೀ ತೆರೆದಿರುವ, ಹೆಂಗಸರ ಶೌಚಾಲಯಕ್ಕೆ ಚಿಲಕ ಇರುವ ಪೆಟ್ರೋಲ್ ಬಂಕ್ ಸಿಕ್ಕರೆ ಬಿಡಬೇಡಿ. ಮ್ಯಾನೇಜರನ್ನು ಕೇಳಿ, ಅಲ್ಲೇ ಎಣ್ಣೆ ಹಾಕಿಸಿ, ಲಾರಿಗಳ ದಾರಿ ಬಿಟ್ಟು ನಿಲ್ಲಿಸಿ.

ವಾಪಸ್ಸಿಗೆ ಸಿಂದಗಿ, ಜೇವರ್ಗಿ, ಶಹಾಪುರ. ಅಲ್ಲಿಯ ಬೆಟ್ಟದ ಸಾಲು ಮಲಗಿದ ಬುದ್ಧನಂತೆ ಕಾಣಿಸುತ್ತದೆ, ಗಾಡಿ ನಿಲ್ಲಿಸಿ ನೋಡಿ. ಸುರಪುರದಲ್ಲಿ ಗುಡ್ಡದ ಮೇಲೆ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಇದ್ದ ಬಂಗಲೆ ಟೇಲರ್ ಮಂಜಿಲ್, ಯಾದಗಿರಿಯಲ್ಲಿ ಕೋಟೆ. ಕೊನೆಗೆ ಭೀಮೆಯ ದಂಡೆಯ ಸನ್ನತಿ. 1986ರಲ್ಲಿ ಅಲ್ಲಿಯ ಕಾಳಿ ಗುಡಿಯ ಮಾಡು ಕುಸಿದಾಗ ಅಶೋಕನ ಶಾಸನದ ಕಲ್ಲು ಹೊರಬಂತು. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ 'ರಾಯ ಅಸೋಕೋ' ಎಂದು ಹೆಸರು ಬರೆದ ಅಶೋಕನ ಶಿಲ್ಪವೇ ಸಿಕ್ಕಿದೆ. ಇಲ್ಲಿಗೆ ಅರ್ಧ ದಿನ ಇಟ್ಟುಕೊಳ್ಳಿ.

ಮನೆಗೆ ಬಂದ ದಿನವೇ ಹಲಗೆ, ಗಾದಿ ಹೊರಗೆ ತೆಗೆದು, ಬಾಗಿಲೆಲ್ಲ ತೆರೆದು ಒಂದು ಹಗಲು ಬಿಸಿಲಿಗೆ ಬಿಡಿ. ತಂದ ಮಣೂಕವನ್ನು ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ನಾವು ಪ್ಲಾಸ್ಟಿಕ್ ಚೀಲದಲ್ಲೇ ಸೀಟಿನ ಕೆಳಗೆ ಬಿಟ್ಟಿದ್ದೆವು. ತಿಂಗಳಾಯ್ತು, ಗೇರ್ ಹತ್ತಿರ ಇನ್ನೂ ಇರುವೆ ಸಾಲು ಹಿಡಿದು ಬರ್ತಿವೆ.