ಶಿರಸಿ ಮಳೆಗೆ ಶಾಲೆಯ ಮರದ ಮಾಡು

ಶಿರಸಿ ಹತ್ತಿರದ ಶಾಲೆಯೊಂದಕ್ಕೆ ಎರಡು ಕೋಣೆ ಕಟ್ಟುವ ಕೆಲಸ ಬಂದಾಗ ಕಮಿಟಿಯವರು ಹೇಳಿದ್ದು ತಗಡಿನ ಶೀಟು ಹೊದೆಸಿ ಅಂತ. ಅಗ್ಗ, ಬೇಗ ಮುಗಿಯುತ್ತದೆ, ಸರಿ. ಆದರೆ ಜುಲೈ ಮಳೆಯಲ್ಲಿ ಶೀಟಿನ ಕೆಳಗೆ ಪಾಠ ಮಾಡಿದವರನ್ನು ಕೇಳಿ ನೋಡಿ. ಹಿಂದಿನ ಬೆಂಚಿನವರಿಗೆ ಮಾಸ್ತರ ಬಾಯಿ ಆಡುವುದಷ್ಟೇ ಕಾಣುತ್ತದೆ! ಅದಕ್ಕೇ ಮರದ ಮಾಡು (ಛಾವಣಿ), ಮೇಲೆ ಮಂಗಳೂರು ಹಂಚು, ಕೆಳಗೆ ಹಲಗೆಯ ಮುಚ್ಚಿಗೆ ಎಂದು ಹಠ ಹಿಡಿದೆ.

ಎಲ್ಲದಕ್ಕೂ ಸಾಗವಾನಿ ಬೇಕಿಲ್ಲ, ಅದು ಸುಮ್ನೆ ದುಡ್ಡಿನ ದಂಡ. ಬಾಗಿಲು ಕಿಟಕಿಗೆ ಮಾತ್ರ ಅದನ್ನು ಇಟ್ಟು, ತೊಲೆಗೆ, ಹಂಚು ಹೊರುವ ಇಳಿಜಾರು ಪಕಾಸುಗಳಿಗೆ ಮತ್ತಿ, ನಂದಿ ಮರ ಬಳಸಿದೆವು. ನಾಟಾ (ಮರದ ದಿಮ್ಮಿ) ಬಂದದ್ದು ಅರಣ್ಯ ಇಲಾಖೆಯ ಹರಾಜಿನಿಂದ, ಕಾಗದಪತ್ರವೆಲ್ಲ ಶಾಲೆಯ ಕಪಾಟಿನಲ್ಲೇ ಇದೆ. ಮತ್ತಿ ಗಟ್ಟಿ ಮರ, ಆದರೆ ಬಿಸಿಲಲ್ಲಿ ಬೇಗ ಒಣಗಿಸಿದರೆ ಸೀಳುತ್ತದೆ. ಹಾಗಾಗಿ ಚಳಿಗಾಲದಲ್ಲೇ ಕೊಯ್ಸಿ, ತುದಿಗಳಿಗೆ ಪೇಂಟ್ ಬಳಿದು, ನಡುನಡುವೆ ಗಾಳಿಯಾಡಲು ರೀಪು (ತೆಳು ಪಟ್ಟಿ) ಕೊಟ್ಟು ನೆರಳಲ್ಲಿ ಅಟ್ಟಿ ಹಾಕಿದೆವು. ಹೊರಗಿನ ಬಿಳಿ ಭಾಗವನ್ನು ಆಚಾರಿ ಕೆತ್ತಿ ತೆಗೆದ. ಹುಳ, ಒರಲೆ ಮೊದಲು ಹಿಡಿಯುವುದು ಅದನ್ನೇ.

ನಮ್ಮ ಕಡೆ ಮಾಡು ಕೆಡುವುದು ಹೆಚ್ಚಾಗಿ ನಡುವೆ ಅಲ್ಲ, ತುದಿಯಲ್ಲಿ. ಚಿರೆಕಲ್ಲಿನ ಗೋಡೆಯೊಳಗೆ ತೊಲೆ ಕೂರಿಸಿ ಸುತ್ತ ಸಿಮೆಂಟು ಮೆತ್ತಿಬಿಟ್ಟರೆ, ಗೋಡೆ ಹೀರಿದ ನೀರು ಮರಕ್ಕೆ ಇಳಿಯುತ್ತದೆ, ಗಾಳಿ ಇಲ್ಲದೆ ಒಳಗೊಳಗೇ ಕೊಳೆಯುತ್ತದೆ, ಹೊರಗೆ ಏನೂ ಗೊತ್ತಾಗುವುದಿಲ್ಲ. ನಾವು ತುದಿಗೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿದು, ಸುತ್ತ ಬೆರಳು ತೂರುವಷ್ಟು ಜಾಗ ಬಿಟ್ಟೆವು. ಜಗಲಿ ಕಂಬಗಳನ್ನು ನೆಲಕ್ಕೆ ತಾಗಿಸದೆ ಕಲ್ಲಿನ ಮೇಲೆ ಕಬ್ಬಿಣದ ಬೂಟು ಹಾಕಿ ನಿಲ್ಲಿಸಿದೆವು. ಸೂರು 3 ಅಡಿಗಿಂತ ಜಾಸ್ತಿಯೇ ಹೊರಗೆ ಬಂದಿದೆ. ಒಳಗಿನ ಮುಚ್ಚಿಗೆಗೆ ಹುಳ ಹಿಡಿಯದಂತೆ ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ದ್ರಾವಣ. ಮಳೆ ತಾಗುವಲ್ಲಿ ಅದು ತೊಳೆದು ಹೋಗುತ್ತದೆ, ಹಾಗಾಗಿ ಹೊರಗೆ ಉಪಯೋಗವಿಲ್ಲ.

ಬೆಂಕಿ ಬಿದ್ದರೆ ಅಂತ ಪಾಲಕರು ಕೇಳಿದರು. ಕೇಳಲೇಬೇಕು. 2004ರಲ್ಲಿ ಕುಂಭಕೋಣದ ಶಾಲೆಯಲ್ಲಿ 94 ಮಕ್ಕಳು ಸತ್ತರು, ಅಲ್ಲಿದ್ದದ್ದು ಗರಿ ಹೊದಿಕೆ. ದಪ್ಪ ತೊಲೆ ಹಾಗೆ ಭಗ್ಗನೆ ಹತ್ತುವುದಿಲ್ಲ, ಹೊರಗೆ ಇದ್ದಿಲಾಗಿ ಒಳಗಿನ ಮರ ಸ್ವಲ್ಪ ಹೊತ್ತು ಭಾರ ತಡೆಯುತ್ತದೆ. ತೆಳು ಹಲಗೆಗೆ ಆ ಗುಣ ಇಲ್ಲ. ಅದಕ್ಕೇ ವೈರಿಂಗ್ ಎಲ್ಲವೂ ಕೊಳವೆಯೊಳಗೆ ಗೋಡೆ ಮೇಲೆ, ಪ್ರತಿ ಕೋಣೆಗೆ ಹೊರಕ್ಕೆ ತೆರೆಯುವ ಎರಡು ಬಾಗಿಲು.

ಮೇ ತಿಂಗಳಲ್ಲಿ ಹಂಚು ಸರಿ ಮಾಡಲು ಆಳು ಸಿಗುವುದೇ ಈಗ ದೊಡ್ಡ ಕಷ್ಟ. ಆ ಖರ್ಚನ್ನು ಕಮಿಟಿ ಲೆಕ್ಕದಲ್ಲಿ ಮೊದಲೇ ಬರೆಸಿಟ್ಟಿದ್ದೇನೆ.